ಪೇಟಿಯ ಎಡಗೈ

ನಮ್ಮ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಕಡೆ ಭಜನೆಯೆಂದರೆ ಪೇಟಿ ಬೇಕೇ ಬೇಕು. ಗುಡಿಯ ಪೌಳಿಯಲ್ಲಿ, ಮಠದ ಪಡಸಾಲೆಯಲ್ಲಿ, ನಾಟಕದ ರಂಗದ ಬದಿಯಲ್ಲಿ ಅದಕ್ಕೊಂದು ಜಾಗ ಇದ್ದೇ ಇರುತ್ತದೆ. ಅದು ದೂರದಿಂದ ಬಂದ ಸೊಸೆ ಎಂಬುದೇ ನಮಗೆ ಮರೆತುಹೋಗಿದೆ. ಅದರ ತವರು ಪ್ಯಾರಿಸ್. 1842ರಲ್ಲಿ ಅಲೆಕ್ಸಾಂಡರ್ ದೆಬೇನ್ ಎಂಬಾತ ಪೇಟೆಂಟ್ ಪಡೆದು ‘ಹಾರ್ಮೋನಿಯಂ’ ಎಂದು ಹೆಸರಿಟ್ಟ. ಹೆಸರಿನಲ್ಲೇ ಅದರ ಕೆಲಸವೂ ಇದೆ. ಹಾರ್ಮನಿ ಎಂದರೆ ಬೇರೆ ಬೇರೆ ಸ್ವರಗಳು ಒಂದೇ ಗಳಿಗೆಯಲ್ಲಿ ಕೂಡಿ ನುಡಿಯುವುದು. ಆ ಪೇಟಿಯ ತಿದಿಯನ್ನು ಕಾಲಿನಿಂದ ತುಳಿಯುತ್ತಿದ್ದರು. ಎರಡೂ ಕೈ ನುಡಿಸಲು ಬಿಡುವಾಗಿದ್ದವು. ಆ ಶತಮಾನ ಮುಗಿಯುವ ಮುನ್ನ ಕಲಕತ್ತೆಯ ದ್ವಾರಕಾನಾಥ ಘೋಷರು ನೆಲದ ಮೇಲೆ ಕೂತು ನುಡಿಸುವ ಕೈಪೇಟಿಯನ್ನು ತಯಾರಿಸಿದರು. ಎಡಗೈ ತಿದಿ ಒತ್ತಲು ಹೋಯಿತು, ಬಲಗೈಗೆ ಹಾಡಿನ ಧಾಟಿಯೊಂದೇ ಉಳಿಯಿತು. ನಮಗೆ ಬೇಕಾದದ್ದೂ ಅಷ್ಟೇ ಆಗಿತ್ತು.

ಹಾಗಾದರೆ ಆ ಎಡಗೈ ಮೊದಲು ಏನು ನುಡಿಸುತ್ತಿತ್ತು? ಇದಕ್ಕೆ ಉತ್ತರ ನಮಗೆ ಹತ್ತಿರದ ಧಾರವಾಡದಲ್ಲೇ ಇದೆ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಅವರು ತಂದ ಶಾಲೆ, ಹೆಂಚು, ಅಚ್ಚುಕೂಟಗಳ ಕಥೆ ಎಲ್ಲರಿಗೂ ಗೊತ್ತು. ಅವುಗಳ ಜೊತೆಗೆ ಜರ್ಮನ್ ಭಕ್ತಿಗೀತೆಗಳ ಧಾಟಿಯೂ ಬಂತು. ನಿಘಂಟಿನ ಕಿಟ್ಟೆಲ್ಲರು 1862ರಲ್ಲಿ ಕ್ರಿಸ್ತನ ಕಥೆಯನ್ನು ‘ಕಥಾಮಾಲೆ’ ಎಂದು ನಮ್ಮ ಛಂದಸ್ಸಿನಲ್ಲೇ ಬರೆದರು. ಹೀಗೆ ಒಂದೇ ಮನೆಗೆ ಎರಡು ನೀರು ಹರಿದವು.

ರಾಣೇಬೆನ್ನೂರಿನಲ್ಲಿ ನನ್ನ ಜೊತೆ ಕೆಲಸಕ್ಕಿದ್ದ ಧಾರವಾಡದ ಅಕ್ಕೋರೊಬ್ಬರು ನನಗಿದನ್ನು ಬಿಡುವಿನ ಪಿರಿಯಡ್ಡಿನಲ್ಲಿ ನಮ್ಮ ಸರಿಗಮದಲ್ಲೇ ತಿಳಿಸಿಕೊಟ್ಟರು. ಹಾಡುವವರು ನಾಲ್ಕು ಗುಂಪು. ಹೆಣ್ಣಿನ ಮೇಲಿನ ದನಿ ಸೊಪ್ರಾನೋ, ಕೆಳಗಿನದು ಆಲ್ಟೋ. ಗಂಡಿನ ಮೇಲಿನದು ಟೆನರ್, ಕೆಳಗಿನದು ಬೇಸ್. ಸ, ಗ, ಪ ಮೂರೂ ಒಟ್ಟಿಗೆ ನುಡಿದರೆ ಒಂದು ಸ್ವರಗುಚ್ಛ. ದನಿ ನಾಲ್ಕು, ಸ್ವರ ಮೂರು. ಆದ್ದರಿಂದ ಸಾಮಾನ್ಯವಾಗಿ ‘ಸ’ವನ್ನು ಇಬ್ಬರು ಹಂಚಿಕೊಳ್ಳುತ್ತಾರೆ. ಮುಂದಿನ ಗುಚ್ಛ ಪ, ನಿ, ರಿ ಎಂದಿರಲಿ. ಆಗ ಪಂಚಮ ಹಿಡಿದವರು ಅಲ್ಲೇ ನಿಲ್ಲುತ್ತಾರೆ, ಮೇಲಿನ ಷಡ್ಜದವರು ನಿಷಾದಕ್ಕೆ, ಗಾಂಧಾರದವರು ರಿಷಭಕ್ಕೆ ಒಂದೊಂದು ಮೆಟ್ಟಿಲು ಇಳಿಯುತ್ತಾರೆ. ಬೇಸ್ ಮಾತ್ರ ಷಡ್ಜದಿಂದ ಪಂಚಮಕ್ಕೆ ದೊಡ್ಡ ಹೆಜ್ಜೆ ಇಡುತ್ತದೆ. ಮತ್ತೆ ಮನೆಗೆ ಮರಳುವಾಗ ನಿಷಾದ ಷಡ್ಜಕ್ಕೇ ಏರಬೇಕು.

“ಪ್ರತಿ ದನೀನೂ ಹತ್ತರದ ಮನಿಗೇ ಹೋಗಬೇಕ್ರಿ, ಸುಮ್ಮನ ಜಿಗದಾಡಬಾರದು” ಎಂದರು ಅಕ್ಕೋರು.

ಇನ್ನೊಂದು ಕಟ್ಟುಪಾಡು ನನಗೆ ಬಹಳ ಸೋಜಿಗವೆನಿಸಿತು. ಎರಡು ದನಿಗಳು ಪಂಚಮದ ಅಂತರದಲ್ಲಾಗಲಿ, ಒಂದು ಸಪ್ತಕದ ಅಂತರದಲ್ಲಾಗಲಿ ಜೊತೆಜೊತೆಯಾಗಿ ಸರಿಯಬಾರದು. ಸರಿದರೆ ಒಂದು ಇನ್ನೊಂದರ ನೆರಳಾಗಿ ನಾಲ್ಕು ದನಿ ಮೂರಾಗುತ್ತವೆ. ನಮ್ಮ ಮಂಗಳಾರತಿಯಲ್ಲಿ ಗಂಡಸರು ಕೆಳಗೆ, ಹೆಂಗಸರು ಮೇಲೆ ಅದೇ ಧಾಟಿಯನ್ನು ಹಾಡುತ್ತಾರೆ. ನಮಗದು ಒಗ್ಗಟ್ಟು, ಅವರ ಲೆಕ್ಕದಲ್ಲಿ ಒಂದು ದನಿ ನಷ್ಟ! ನಮ್ಮಲ್ಲಿ ತಂಬೂರಿಯ ಷಡ್ಜ ಕದಲುವುದಿಲ್ಲ, ರಾಗ ಅದರ ಮೇಲೆ ಓಡಾಡುತ್ತದೆ. ಅವರಲ್ಲಿ ಕೆಳಗಿನ ನೆಲವೇ ಸರಿಯುತ್ತದೆ. ಬಾಖ್ (1685–1750) ಇಂಥ ನೂರಾರು ಭಕ್ತಿಗೀತೆಗಳಿಗೆ ನಾಲ್ಕು ದನಿ ಹೊಂದಿಸಿದ. ಅವನ್ನು ಇಂದಿಗೂ ವಿದ್ಯಾರ್ಥಿಗಳು ಪಾಠವಾಗಿ ಓದುತ್ತಾರೆ.

ಅಕ್ಕೋರು ಆಲ್ಟೋದವರು. ಒಮ್ಮೆ ಅವರ ಭಾಗವನ್ನಷ್ಟೇ ಹಾಡಿ ತೋರಿಸಿದರು. ಎರಡು ಮೂರು ಸ್ವರಗಳಲ್ಲೇ ಸುತ್ತುವ, ಹಾಡೇ ಅಲ್ಲ ಎನಿಸುವ ಸಾಲು. ನನಗೋ ಗಂಟಲು ತುಂಬಿಬಂತು. ಯಾಕೆಂದರೆ ನನ್ನದು ಹುಟ್ಟಾ ದಪ್ಪ ದನಿ. ಶಾಲೆಯ ಪ್ರಾರ್ಥನೆಯಲ್ಲಿ ನನ್ನನ್ನು ಹಿಂದಿನ ಸಾಲಿಗೆ ಕಳಿಸಿ, “ನೀ ಬರೇ ಬಾಯಿ ಆಡಸು, ದನಿ ತಗೀಬ್ಯಾಡ” ಎಂದಿದ್ದರು. ಆರು ವರ್ಷ ಹಾಗೆಯೇ ಬಾಯಿ ಆಡಿಸಿದೆ. ಎಲ್ಲರೂ ಒಂದೇ ಧಾಟಿ ಹಾಡುವಲ್ಲಿ ಆ ಎತ್ತರ ಏರದವಳಿಗೆ ಜಾಗವಿಲ್ಲ. ಇಲ್ಲಿ ನೋಡಿದರೆ ಅಂಥವಳಿಗೆಂದೇ ಒಂದು ಸಾಲು ಬರೆದಿಟ್ಟಿದ್ದರು!

ಹಾಗೆಂದು ನಮ್ಮ ಸಂಗೀತ ಕೈಬಿಟ್ಟಿತು ಎನ್ನಲಾರೆ. ನಮ್ಮ ಜಿಲ್ಲೆಯ ಹಾನಗಲ್ಲಿನ ಹೆಸರನ್ನು ದೇಶಕ್ಕೆಲ್ಲ ಕೇಳಿಸಿದ ಗಂಗೂಬಾಯಿಯವರ (1913–2009) ದನಿ ಟಾನ್ಸಿಲ್ ಚಿಕಿತ್ಸೆಯ ನಂತರ ಗಂಡುದನಿಯಂತೆ ಗಡಸಾಯಿತು. ಅವರು ಅದನ್ನೇ ಒಡವೆ ಮಾಡಿಕೊಂಡರು. ಆದರೆ ಎಲ್ಲರೂ ಗಂಗೂಬಾಯಿ ಆಗಲಾರರು. ಒಬ್ಬಳೇ ಕೂತು ಸಭೆ ಗೆಲ್ಲಲಾರದ, ಗುಂಪಿನಲ್ಲಿ ಮಾತ್ರ ಹಾಡಬಲ್ಲ ನನ್ನಂಥವರೇ ಹೆಚ್ಚು. ಆಲ್ಟೋ ಅಂಥವರ ಮಾತು. ಅವಳ ಹೆಸರು ಯಾರಿಗೂ ತಿಳಿಯದು, ಆದರೆ ಅವಳು ಸುಮ್ಮನಾದರೆ ಹಾಡಿನ ನಡುವೆ ಒಂದು ತೂತು ಬೀಳುತ್ತದೆ. ಮನೆವಾರ್ತೆ ಮಾಡುವ ನಮಗೆ ಇದನ್ನು ಬಿಡಿಸಿ ಹೇಳಬೇಕೆ?

ನಿಮ್ಮ ಮನೆಯಲ್ಲೂ ಪೇಟಿ ಇದ್ದರೆ ಹೀಗೆ ಮಾಡಿ ನೋಡಿ. ಬಲಗೈಯಿಂದ ಸ, ಗ, ಪ ಮೂರನ್ನೂ ಒಟ್ಟಿಗೆ ಒತ್ತಿ. ಹೆಬ್ಬೆರಳನ್ನು ಷಡ್ಜದ ಮೇಲೆ ಹಾಗೇ ಬಿಟ್ಟು ಗಾಂಧಾರವನ್ನು ಮಧ್ಯಮಕ್ಕೆ, ಪಂಚಮವನ್ನು ಧೈವತಕ್ಕೆ ಸರಿಸಿ. ಮತ್ತೆ ಮರಳಿ. ಇಷ್ಟು ಒಂದೇ ಕೈಗೆ ಆಗುತ್ತದೆ. ನಾಲ್ಕನೆಯ ದನಿಗೆ ಎಡಗೈ ಬಿಡುವಿಲ್ಲ. ಅದನ್ನು ಕೆಳಗಿನ ಸಪ್ತಕದಲ್ಲಿ ಯಾರಾದರೂ ಹಾಡಬೇಕು, ಮೊದಲು ಸ, ಆಮೇಲೆ ಮ. ಮನೆಯಲ್ಲಿ ದಪ್ಪ ದನಿಯ ಹುಡುಗಿ ಇದ್ದರೆ ಅವಳನ್ನೇ ಕರೆಯಿರಿ.