ಬೇತಮಂಗಲದ ಕೆರೆ ಮತ್ತು ಕೋಲಾರದ ಗಣಿ: ಒಂದು ತೌಲನಿಕ ಸ್ಲೈಡಿನ ಸಮಸ್ಯೆ

ನೆಲದ ಸಂಪತ್ತನ್ನು ಬಗೆದೊಯ್ಯುವ ಅರ್ಥವ್ಯವಸ್ಥೆ ಮತ್ತು ಪಡೆದುದನ್ನು ಮರಳಿ ತುಂಬುವ ಅರ್ಥವ್ಯವಸ್ಥೆ ಇವೆರಡನ್ನೂ ಒಂದೇ ಸ್ಲೈಡಿನಲ್ಲಿ ಎದುರುಬದುರಾಗಿ ನಿಲ್ಲಿಸಿ ತೋರಿಸುವ ಕ್ರಮ ವಿಚಾರಸಂಕಿರಣಗಳಲ್ಲಿ ಈಗ ರೂಢಿಗೆ ಬಂದಿದೆ. ಎಡಕ್ಕೆ ಗಣಿ, ಬಲಕ್ಕೆ ಕೆರೆ, ನಡುವೆ ಒಂದು ಗೆರೆ. ಈ ಗೆರೆ ಚಾರಿತ್ರಿಕವಾಗಿ ಎಷ್ಟರಮಟ್ಟಿಗೆ ಸಮರ್ಥನೀಯವೆಂಬುದನ್ನು ಕೋಲಾರ ಸೀಮೆಯ ಒಂದು ನಿದರ್ಶನದ ಮೂಲಕ ಪರಿಶೀಲಿಸುವುದು ಪ್ರಸ್ತುತ ಟಿಪ್ಪಣಿಯ ಉದ್ದೇಶ.

ಮೊದಲು ಎಡಭಾಗವನ್ನು ನೋಡೋಣ. ಕೋಲಾರದ ಚಿನ್ನದ ಗಣಿಗಾರಿಕೆ 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ನಿರ್ವಹಣೆಯಲ್ಲಿ ಬೃಹತ್ ಸ್ವರೂಪವನ್ನು ತಾಳಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು. ಚಾಂಪಿಯನ್ ರೀಫ್ ಗಣಿ ಮುಂದೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ ಗಣಿಗಳನ್ನು ವಹಿಸಿಕೊಂಡವು. ಒಡೆತನ ಬದಲಾದರೂ ವ್ಯವಸ್ಥೆಯ ಸ್ವರೂಪ ಬದಲಾಗಲಿಲ್ಲ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಉಳಿದುದು ಸೈನೈಡ್ ದಿಬ್ಬಗಳು ಮತ್ತು ಉದ್ಯೋಗವಿಲ್ಲದ ಕಾರ್ಮಿಕ ಕುಟುಂಬಗಳು.

ಬಲಭಾಗಕ್ಕೆ ಗಣಿಗಳ ಸಮೀಪದಲ್ಲಿಯೇ, ಪಾಲಾರ್ ನದಿಯ ಪಾತ್ರದಲ್ಲಿರುವ ಬೇತಮಂಗಲದ ಕೆರೆಯನ್ನು ತೆಗೆದುಕೊಳ್ಳಬಹುದು. ಬಾಣ ಅರಸನ ಹೆಸರಿನಿಂದ ಈ ಊರು ಹಿಂದೆ ವಿಜಯಾದಿತ್ಯಮಂಗಲವೆನಿಸಿತ್ತು. ಒಡೆದುಹೋಗಿದ್ದ ಕೆರೆಯನ್ನು 10ನೆಯ ಶತಮಾನದಲ್ಲಿ ನೊಳಂಬ ಅರಸನೂ 12ನೆಯ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಚೊಕ್ಕಿಮಯ್ಯನೂ ಜೀರ್ಣೋದ್ಧಾರ ಮಾಡಿಸಿದುದು ಶಾಸನಗಳಿಂದ ತಿಳಿದುಬರುತ್ತದೆ. ಕೆರೆ ತಾನಾಗಿಯೇ ಮರಳಿ ತುಂಬುವ ವಸ್ತುವಲ್ಲವೆಂಬುದಕ್ಕೆ ಇದೇ ಸಾಕ್ಷಿ. ಹೂಳು ತುಂಬುತ್ತದೆ, ಏರಿ ಒಡೆಯುತ್ತದೆ. ಆದ್ದರಿಂದಲೇ ಕರ್ನಾಟಕದ ಶಾಸನಗಳಲ್ಲಿ 'ಬಿತ್ತುವಟ್ಟ', 'ದಶವಂದ' ಮೊದಲಾದ ಪರಿಭಾಷೆಗಳು ಕಾಣಿಸಿಕೊಳ್ಳುತ್ತವೆ. ಕೆರೆಯಿಂದ ದೊರೆತ ಭೂಮಿಯಲ್ಲಿ ಅಥವಾ ಫಸಲಿನಲ್ಲಿ ಒಂದು ಪಾಲನ್ನು ಕೆರೆಯನ್ನು ಕಟ್ಟಿದವರಿಗೆ, ಕಾಪಾಡುವವರಿಗೆ ವಿನಿಯೋಗಿಸುವ ಏರ್ಪಾಡುಗಳಿವು.

ಆದರೆ ಇಲ್ಲಿಯೇ ನಮ್ಮ ಸ್ಲೈಡಿನ ನಡುಗೆರೆ ಅಳಿಸಿಹೋಗುತ್ತದೆ. 20ನೆಯ ಶತಮಾನದಲ್ಲಿ ಚಿನ್ನದ ಗಣಿ ಪಟ್ಟಣಕ್ಕೆ ನೀರು ಸರಬರಾಜಾದುದು ಇದೇ ಬೇತಮಂಗಲದಿಂದ. ಬಾಣ, ನೊಳಂಬ, ಹೊಯ್ಸಳರ ಕಾಲದಿಂದ ಮತ್ತೆ ಮತ್ತೆ ದುರಸ್ತಿಗೊಂಡು ಉಳಿದುಬಂದ ಕೆರೆಯ ಆಸರೆಯಲ್ಲಿ ಗಣಿ ಬದುಕಿತು. ಗಣಿಯ ಲೆಕ್ಕಪತ್ರಗಳಲ್ಲಿ ಚಿನ್ನಕ್ಕೆ ಬೆಲೆಯುಂಟು. ಶತಮಾನಗಳ ಈ ದುಡಿಮೆಗೆ ಅಂಥ ಬೆಲೆ ಕಟ್ಟುವ ಕ್ರಮವೇ ಇರಲಿಲ್ಲ.

ಹಾಗೆಂದು ಬಲಭಾಗವನ್ನು ಆದರ್ಶವೆಂದು ಬಗೆಯುವುದೂ ತಪ್ಪು. ಶಾಸನಗಳು ಕೆರೆ ಕಟ್ಟಿಸಿದವರ ಹೆಸರನ್ನು ಹೇಳುತ್ತವೆ. ಮಣ್ಣು ಹೊತ್ತವರ ಹೆಸರು ಅವುಗಳಲ್ಲಿ ವಿರಳ. ಗಣಿ ಕಾರ್ಮಿಕರ ಕಷ್ಟವನ್ನು ಎಡಕ್ಕೆ ಬರೆದು ಕೆರೆ ಕಟ್ಟಿದವರ ಕಷ್ಟವನ್ನು ಬಲಕ್ಕೆ ಬರೆಯದಿದ್ದರೆ ಹೋಲಿಕೆ ನ್ಯಾಯವಾಗದು.

ಆದಕಾರಣ ಗಣಿ, ಕೆರೆ ಎಂಬ ಶೀರ್ಷಿಕೆಗಳಿಗಿಂತ ಎರಡೂ ಕಡೆಗೆ ಕೇಳಬೇಕಾದ ಪ್ರಶ್ನೆಗಳನ್ನೇ ಸ್ಲೈಡಿನಲ್ಲಿ ಮುಂದಿಡುವುದು ಉಚಿತವೆಂದು ನಮ್ಮ ಅಭಿಪ್ರಾಯ: ಪಡೆದುದರಲ್ಲಿ ಎಷ್ಟು ಪಾಲು ಮೂಲಕ್ಕೆ ಮರಳಿತು? ಮರಳಿಸುವ ಹೊಣೆ ಯಾರದೆಂದು ಎಲ್ಲಿ ದಾಖಲಾಗಿದೆ? ದುಡಿದವರಿಗೆ ದಕ್ಕಿದುದೇನು? ತಮ್ಮ ತಮ್ಮ ಪ್ರದೇಶದ ಕೆರೆ, ಗಣಿ, ಕಾಡುಗಳನ್ನು ಕುರಿತು ಸಂಶೋಧಕರು ಈ ಪ್ರಶ್ನೆಗಳನ್ನು ಅನ್ವಯಿಸಿ ನೋಡಬೇಕಾಗಿದೆ.