ಕೊನೇ ಹಾಳೆ ಹರಿದ ಪತ್ತೇದಾರಿ



ಸ್ವಲ್ಪ ಉದ್ದದ ಬರಹ, ಪುರುಸೊತ್ತು ಮಾಡ್ಕೊಂಡು ಓದಿ.

ದಲಿತರ ಓದಿನ ಚರಿತ್ರೆ ಹೇಳೋಕೆ ಕೂತಾಗ ನಾವು ಬಾಬಾಸಾಹೇಬರ ಬರಹಗಳಿಂದ ಶುರು ಮಾಡ್ತೀವಿ. ಆಮೇಲೆ ದೇವನೂರ ಮಹಾದೇವ, ಸಿದ್ಧಲಿಂಗಯ್ಯ, 'ಪಂಚಮ' ಪತ್ರಿಕೆ, ಬಂಡಾಯ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದಕ್ಕೂ ಮುಂಚೆ ಒಂದು ಮೆಟ್ಟಿಲಿದೆ. ಅದನ್ನ ನಾವೇ ಹಾರಿ ದಾಟಿಬಿಡ್ತೀವಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಕಡೆಯ ನಮ್ಮ ಕೇರಿಗಳಲ್ಲಿ ಅರವತ್ತು ದಾಟಿದ, ಅಕ್ಷರ ಬಲ್ಲ ಹಿರಿಯರನ್ನ ಕೇಳಿ ನೋಡಿ: ಶಾಲೆ ಪುಸ್ತಕ ಬಿಟ್ಟು ನೀವು ಪೂರ್ತಿ ಓದಿದ ಮೊದಲ ಪುಸ್ತಕ ಯಾವುದು? ಸಂಘಟನೆ ಕೆಲಸಕ್ಕೆ ಹೋದ ಕಡೆ ನಾನು ಕೇಳ್ತಾ ಬಂದಿದೀನಿ. ಎಷ್ಟೋ ಜನ ಸ್ವಲ್ಪ ನಾಚಿಕೊಂಡು, ನಕ್ಕು ಹೇಳೋ ಮಾತು ಒಂದೇ. 'ಪತ್ತೇದಾರಿ.'

ಆ ನಾಚಿಕೆ ಎಲ್ಲಿಂದ ಬಂತು ಅನ್ನೋದೇ ನನ್ನ ಪ್ರಶ್ನೆ.

ಎನ್. ನರಸಿಂಹಯ್ಯ ಅಂತ ಒಬ್ಬರಿದ್ದರು. 1925ರಲ್ಲಿ ನಮ್ಮ ಪಕ್ಕದ ಚಿಕ್ಕಮಗಳೂರಿನಲ್ಲಿ ಹುಟ್ಟಿದವರು. ಓದಿದ್ದು ನಾಲ್ಕನೇ ಕ್ಲಾಸು. ಬರೆದದ್ದು 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ. ಅವರ ಪತ್ತೇದಾರ ಪುರುಷೋತ್ತಮನ ಹೆಸರು ಕೇಳದ ಓದುಗ ಆ ಕಾಲದಲ್ಲಿ ಇರಲಿಲ್ಲ. 2011ರಲ್ಲಿ ತೀರಿಕೊಂಡರು. ನಾಲ್ಕನೇ ಕ್ಲಾಸು ಓದಿದವರು ಬರೆದದ್ದು, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೂ ಓದೋಕೆ ಬರ್ತಿತ್ತು. ಚಿಕ್ಕ ವಾಕ್ಯ, ಚಿಕ್ಕ ಅಧ್ಯಾಯ, ಕಮ್ಮಿ ಬೆಲೆ. ಇವತ್ತು ಊರೂರಲ್ಲೂ ಹಾರಾಡೋ ಹಳದಿ-ಕೆಂಪು ಬಾವುಟ ರೂಪಿಸಿದ ಮ. ರಾಮಮೂರ್ತಿ ಕೂಡ ಪತ್ತೇದಾರಿ ಬರೆದವರೇ. ಬಾವುಟ ನೆನಪಿದೆ, ಕಾದಂಬರಿ ಮರೆತಿದ್ದೀವಿ. ಅ.ನ.ಕೃ. ಹೆಸರಲ್ಲಿರೋ 'ಅ' ಅಂದ್ರೆ ನಮ್ಮ ಅರಕಲಗೂಡೇ. ಕಾದಂಬರಿಯನ್ನ ಸಾಮಾನ್ಯ ಜನರ ಕೈಗೆ ತಲುಪಿಸಿದ ಅವರ ಬಗ್ಗೆಯೂ 'ಜನಪ್ರಿಯ' ಅನ್ನೋ ಮಾತನ್ನ ಬೈಗುಳದ ಥರ ಬಳಸಿದವರಿದ್ದಾರೆ.

ಈ ಪುಸ್ತಕಗಳು ಕೇರಿಗೆ ಬಂದ ದಾರಿ ನೋಡಿ. ಹೊಳೆನರಸೀಪುರಕ್ಕೆ ಮೈಸೂರಿಂದ ರೈಲಿತ್ತು. ಅರಕಲಗೂಡಿಗೆ ಇವತ್ತಿಗೂ ರೈಲಿಲ್ಲ. ಚನ್ನರಾಯಪಟ್ಟಣದ ಮೇಲೆ ಬೆಂಗಳೂರು–ಹಾಸನ ನೇರ ರೈಲು ಓಡಿದ್ದು 2017ರಲ್ಲಿ. ಹಾಗಾಗಿ ಹೆಚ್ಚಿನ ಪುಸ್ತಕ ಬಂದದ್ದು ಬಸ್‌ಸ್ಟ್ಯಾಂಡಿನ ಅಂಗಡಿಯಿಂದ, ಸಂತೆಯ ಹಳೇ ಪುಸ್ತಕದ ರಾಶಿಯಿಂದ, ದಿನಬಾಡಿಗೆಗೆ ಪುಸ್ತಕ ಕೊಡೋ ಸಣ್ಣ ಲೈಬ್ರರಿಗಳಿಂದ. ದುಡ್ಡು ಕೊಟ್ಟು ಕೊಳ್ತಿದ್ದವನು ಒಬ್ಬ. ಓದ್ತಿದ್ದವರು ಅವನ ಬೆನ್ನಿಗೆ ಇಪ್ಪತ್ತು ಮೂವತ್ತು ಜನ. ಹಾಸ್ಟೆಲಿನಲ್ಲಿ ಸರದಿ ಹಚ್ಚಿ ಓದ್ತಿದ್ರು. ರಜೆಗೆ ಊರಿಗೆ ಹೋಗುವಾಗ ಬಟ್ಟೆ ಗಂಟಿನೊಳಗೆ ಒಂದು ಪುಸ್ತಕ. ರಜೆ ಮುಗಿಸಿ ಬರುವಾಗ ಅದು ಇನ್ಯಾರದೋ ಕೈಲಿ, ಇನ್ಯಾವುದೋ ಊರಲ್ಲಿ. ವಾಪಸ್ ಬಂತಾ ಅಂದ್ರೆ, ಬೇರೊಂದು ಬಂತು.

ಬೇರೆಯವರಿಗೆ ಇದು ಬರೀ ಅಭ್ಯಾಸ ಇರಬಹುದು. ನಮ್ಮ ಊರುಗಳಲ್ಲಿ ಒಂದು ವಸ್ತು ಕೈಯಿಂದ ಕೈಗೆ ಹೋಗೋದು ಅಂದ್ರೆ ಅದು ಮುಟ್ಟೋ ವಿಷಯ.

ಜಾತಿ ಕಾರಣ ಹೇಳಿ ಸರ್ಕಾರಿ ಶಾಲೆಗೆ ಸೇರಿಸದೆ ಇರಬಾರದು ಅಂತ ಮೈಸೂರು ಸರ್ಕಾರ ಆದೇಶ ಮಾಡಿದ್ದು 1915ರಲ್ಲಿ. ಅದಾಗಿ ನೂರು ವರ್ಷಕ್ಕೆ, 2015ರಲ್ಲಿ, ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದೇವಸ್ಥಾನದ ಒಳಗೆ ಹೋದರು ಅಂತ ನಮ್ಮ ಹೆಣ್ಣುಮಕ್ಕಳಿಗೆ ದಂಡ ಹಾಕಿದ್ರು. ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲಿ ನಮ್ಮ ಜನ ಊರ ದೇವಸ್ಥಾನಗಳ ಹೊಸಿಲು ಮೊದಲ ಸಲ ದಾಟಿದ್ದು 2021ರಲ್ಲಿ. ಅದೂ ಅಧಿಕಾರಿಗಳು ಬಂದು ನಿಂತ ಮೇಲೆ.

ಇಂಥ ಊರುಗಳಲ್ಲಿ ಪತ್ತೇದಾರಿ ಪುಸ್ತಕ ಓಡಾಡಿದೆ. ಹಾಳೆ ತಿರುವೋದು ಹೇಗೆ ಗೊತ್ತಲ್ಲ, ಬೆರಳನ್ನ ನಾಲಿಗೆಗೆ ತಾಗಿಸಿ. ಕೇರಿ ಹುಡುಗ ಎಂಜಲು ಬೆರಳಲ್ಲಿ ತಿರುವಿದ ಹಾಳೆಯನ್ನ ಮಾರನೇ ದಿನ ಊರೊಳಗಿನ ಹುಡುಗ ಅದೇ ಥರ ಎಂಜಲು ಬೆರಳಲ್ಲಿ ತಿರುವಿದಾನೆ. ಇವನ ಮನೆ ಲೋಟ ಅವನಿಗಿಲ್ಲ, ಅವನ ಮನೆ ನೀರು ಇವನಿಗೆ ಬೇಡ. ಕೊಲೆಗಾರ ಯಾರು ಅನ್ನೋದು ಮಾತ್ರ ಇಬ್ಬರಿಗೂ ಬೇಕು.

ಇದನ್ನ ಸಾಮರಸ್ಯ ಅಂತ ಹೊಗಳೋಕೆ ನಾನು ತಯಾರಿಲ್ಲ. ಪುಸ್ತಕ ಕೈ ಬದಲಾಗ್ತಿದ್ದದ್ದು ಶಾಲೆ ಹಿಂದಿನ ಗೋಡೆ ಹತ್ರ, ಬಸ್‌ಸ್ಟ್ಯಾಂಡಲ್ಲಿ, ಕೆರೆ ಏರಿ ಮೇಲೆ. ಮನೆ ಬಾಗಿಲಲ್ಲಿ ಅಲ್ಲ. ಪುಸ್ತಕ ಆ ಮನೆಯ ನಡುಮನೆ ತನಕ ಹೋಗ್ತಿತ್ತು, ಕೊಟ್ಟ ಹುಡುಗ ಜಗಲಿಗೂ ಹೋಗೋ ಹಾಗಿರಲಿಲ್ಲ. ಆದರೂ ಇದನ್ನ ಬರೆದಿಡಬೇಕು. ಅಸ್ಪೃಶ್ಯತೆಯ ಕಟ್ಟಳೆಯಲ್ಲಿ ಎಲ್ಲೆಲ್ಲಿ ಸಣ್ಣ ತೂತು ಬಿದ್ದಿತ್ತು ಅನ್ನೋದೂ ನಮ್ಮ ಚರಿತ್ರೆಯೇ.

ಇನ್ನೊಂದು ಜಾಗ ಹೇಳ್ತೀನಿ. ಅರಕಲಗೂಡು ತಾಲ್ಲೂಕಿನ ರಾಮನಾಥಪುರ, ಕೊಣನೂರು ಕಡೆ ಹೊಗೆಸೊಪ್ಪಿನ ಬ್ಯಾರನ್‌ಗಳಿವೆ. ಹಸಿ ಎಲೆ ಒಳಗೆ ಏರಿಸಿದ ಮೇಲೆ ಐದಾರು ದಿನ ಹಗಲೂ ರಾತ್ರಿ ಬೆಂಕಿ ಕಾಯಬೇಕು. ಶಾಖ ಹೆಚ್ಚಾದ್ರೂ ಹೋಯ್ತು, ಕಮ್ಮಿಯಾದ್ರೂ ಹೋಯ್ತು. ಸೌದೆ ತುಂಬುತ್ತಾ ನಿದ್ದೆಗೆಟ್ಟು ಕೂರೋದು ಹೆಚ್ಚಾಗಿ ನಮ್ಮವರೇ. ಆ ಒಲೆ ಬಾಯಿಯ ಬೆಳಕಲ್ಲಿ ಒಬ್ಬ ಓದೋನು, ನಾಲ್ಕು ಜನ ಕೇಳೋರು. ನಿದ್ದೆ ಬಾರದ ಹಾಗೆ ಮಾಡೋಕೆ ಪತ್ತೇದಾರಿಗಿಂತ ಇನ್ನೇನು ಬೇಕು? ನನ್ನ ಚಿಕ್ಕಪ್ಪ ಓದು ಗಟ್ಟಿ ಮಾಡ್ಕೊಂಡಿದ್ದು ಅಲ್ಲೇ. ಅಧ್ಯಾಯ ಮುಗಿದಾಗ ನಿಲ್ಲಿಸಿದ್ರೆ ಓದೋಕೆ ಬಾರದ ಹೆಂಗಸರು ಬೈತಿದ್ರಂತೆ, ಮುಂದೆ ಹೇಳು ಅಂತ. ಆ ಹೆಂಗಸರನ್ನ ಯಾವ ಲೈಬ್ರರಿ ರಿಜಿಸ್ಟರಿನಲ್ಲೂ ಓದುಗರು ಅಂತ ಬರೆದಿಲ್ಲ.

ಇಷ್ಟು ಕೈ ದಾಟಿ ಬಂದ ಪುಸ್ತಕಕ್ಕೆ ಮೊದಲು ಹೋಗ್ತಿದ್ದದ್ದು ರಟ್ಟು. ಆಮೇಲೆ ಕೊನೇ ಹಾಳೆ. ಪತ್ತೇದಾರಿಗೆ ಕೊನೇ ಹಾಳೆ ಇಲ್ಲ ಅಂದ್ರೆ ಜೀವ ಹೋದ ಹಾಗೆ. ಆಗ ಏನ್ಮಾಡ್ತಿದ್ರು? ಮುಂಚೆ ಓದಿದವನನ್ನ ಹುಡುಕ್ಕೊಂಡು ಹೋಗಬೇಕು. ಅವನು ಪಕ್ಕದ ಊರಲ್ಲಿದ್ರೆ ಪಕ್ಕದ ಊರಿಗೆ. ಅವನೂ ಸಿಗದಿದ್ರೆ ತಾವೇ ಕೂತು ವಾದ ಮಾಡೋರು: ಇವನೇ ಮಾಡಿರಬೇಕು, ಯಾಕಂದ್ರೆ ಆ ಹೊತ್ತಲ್ಲಿ ಬಾಗಿಲ ಕೀಲಿ ಇದ್ದದ್ದು ಇವನ ಹತ್ರ. ಯಾರು, ಯಾವಾಗ, ಎಲ್ಲಿ, ಸಾಕ್ಷಿ ಏನು, ಇವನ ಮಾತು ಯಾಕೆ ನಂಬಬೇಕು. ದೊಡ್ಡೋರು ಹೇಳಿದ್ದೇ ಸತ್ಯ ಅಂತ ತಲೆ ಬಗ್ಗಿಸಿ ಬೆಳೆದ ಮಕ್ಕಳಿಗೆ ಇದು ಸಣ್ಣ ಪಾಠ ಅಲ್ಲ. ಮುಂದೆ ಅದೇ ಹುಡುಗರಲ್ಲಿ ಕೆಲವರು ಪೊಲೀಸ್ ಠಾಣೆ ಮುಂದೆ ನಿಂತು, ದೂರಿನ ಪ್ರತಿ ಕೊಡಿ ಸಾರ್ ಅಂತ ಕೇಳಿದ್ರು.

ಈಗ ಆ ನಾಚಿಕೆ ವಿಷಯಕ್ಕೆ ಬರ್ತೀನಿ. 1973ರ ನವೆಂಬರಿನಲ್ಲಿ ಮೈಸೂರಲ್ಲಿ ಬಿ. ಬಸವಲಿಂಗಪ್ಪನವರು, ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದರು. ರಾಜ್ಯ ಹೊತ್ತಿಕೊಂಡಿತು. ದಲಿತ ಹುಡುಗರ ಮೇಲೆ ಹಲ್ಲೆಗಳಾದವು. ತಲೆ ಮೇಲೆ ಮಲ ಹೊರೋ ಪದ್ಧತಿ ನಿಲ್ಲಿಸಿದ ಮಂತ್ರಿ ಮಂತ್ರಿಗಿರಿ ಬಿಡಬೇಕಾಯಿತು. ಆ ಬೆಂಕಿಯಿಂದಲೇ ನಮ್ಮ ಚಳವಳಿ ಎದ್ದು ಬಂತು ಅನ್ನೋದು ನಿಮಗೆ ಗೊತ್ತಿದೆ. ನಾನು ಹೇಳೋದು ಇಷ್ಟು. ತಮ್ಮ ಸಾಹಿತ್ಯವನ್ನ ಬೂಸಾ ಅಂದದ್ದಕ್ಕೆ ಕೆರಳಿದ ಸಮಾಜ, ನಮ್ಮವರು ಓದ್ತಿದ್ದ ಪತ್ತೇದಾರಿಯನ್ನ ಬೂಸಾಗಿಂತ ಕಡೆಯಾಗಿ ನೋಡ್ತಿತ್ತು. ಆ ಮಾತಿಗೆ ಯಾರೂ ಬೀದಿಗೆ ಇಳಿಯಲಿಲ್ಲ. ನಾಚಿಕೆ ನಮ್ಮ ಪಾಲಿಗೆ ಉಳೀತು.

ಪತ್ತೇದಾರಿಗಳು ನಮ್ಮ ಪರವಾಗಿದ್ದವು ಅಂತ ನಾನು ಹೇಳಲ್ಲ. ನಾನು ಓದಿದವುಗಳಲ್ಲಿ ನಮ್ಮಂಥವರು ಬಂದರೆ ಆಳಾಗಿ ಬಂದರು, ಕಾವಲಿನವನಾಗಿ ಬಂದರು. ಕೇರಿಯಲ್ಲಿ ನಡೆದ ಕೊಲೆ ಪತ್ತೆ ಮಾಡೋಕೆ ಯಾವ ಪುರುಷೋತ್ತಮನೂ ಬರಲಿಲ್ಲ. ಆದರೆ ಓದುಗ ಪುಸ್ತಕಕ್ಕಿಂತ ದೊಡ್ಡವನು. ತನಗೆ ಬೇಕಾದದ್ದನ್ನ ಅದರಿಂದ ಕಿತ್ತುಕೊಂಡ.

1994ರಲ್ಲಿ ತೇಜಸ್ವಿಯವರ 'ಜುಗಾರಿ ಕ್ರಾಸ್' ಬಂತು. ಏಲಕ್ಕಿ ಮಾರೋಕೆ ಹೊರಟ ಗಂಡ ಹೆಂಡತಿ, ಇಪ್ಪತ್ನಾಲ್ಕು ಗಂಟೆಯೊಳಗೆ ನಡೆಯೋ ರಹಸ್ಯ, ಕಾಡು, ಕಳ್ಳದಂಧೆ. ಪತ್ತೇದಾರಿಯ ಸ್ವಾರಸ್ಯವೇ ದೊಡ್ಡ ಸಾಹಿತಿಯ ಹೆಸರಲ್ಲಿ ಬಂದಾಗ ಕಾಲೇಜುಗಳಲ್ಲಿ ಅದರ ಮೇಲೆ ಗಂಭೀರ ಚರ್ಚೆ ನಡೀತು. ನಡೀಬೇಕಾದ್ದೇ, ನನಗೂ ಇಷ್ಟದ ಪುಸ್ತಕ. ನಮ್ಮ ಕಡೆ ಅದು ಓಡಾಡಿದ ಹಾಗೆ ಬೇರೆ ಪುಸ್ತಕ ಓಡಾಡಿದ್ದು ನಾನು ನೋಡಿಲ್ಲ. ಆದರೆ ಅದನ್ನ ಒಂದೇ ಉಸಿರಿಗೆ ಓದಿ ಮುಗಿಸೋ ಓದುಗರನ್ನ ತಯಾರು ಮಾಡಿದ್ದವರಲ್ಲಿ ಆ ನಾಲ್ಕನೇ ಕ್ಲಾಸಿನ ನರಸಿಂಹಯ್ಯ ಇದ್ದಾರೆ.

ಒಂದು ಕಹಿ ಮಾತೂ ಹೇಳಬೇಕು. 2000ದ ಮಾರ್ಚಿನಲ್ಲಿ ಕಂಬಾಲಪಲ್ಲಿಯಲ್ಲಿ ನಮ್ಮವರು ಏಳು ಜನರನ್ನ ಸುಟ್ಟು ಹಾಕಿದ್ರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡೀತು. ಸಾಕ್ಷಿಗಳು ತಿರುಗಿಬಿದ್ದಿದ್ದರು. ಯಾಕೆ ತಿರುಗಿಬಿದ್ದರು ಅನ್ನೋದು ಹಳ್ಳೀಲಿ ಬದುಕಿದ ಯಾರಿಗೂ ವಿವರಿಸಬೇಕಾಗಿಲ್ಲ. ಪತ್ತೇದಾರಿಯಲ್ಲಿ ಕೊನೇ ಹಾಳೆ ಹರಿದಿದ್ರೆ ಹೇಳೋಕೆ ಇನ್ನೊಬ್ಬ ಓದುಗ ಇರ್ತಿದ್ದ. ಇಲ್ಲಿ ಆ ಹಾಳೆಯನ್ನ ಎಲ್ಲರ ಕಣ್ಣೆದುರೇ ಹರಿದರು.

ಅದಕ್ಕೇ ಹೇಳೋದು, ಓದೋ ಅಭ್ಯಾಸ, ಪ್ರಶ್ನೆ ಕೇಳೋ ಅಭ್ಯಾಸ ಕೇರಿಯಲ್ಲಿ ಸಾಯಬಾರದು. 1965ರ ಗ್ರಂಥಾಲಯ ಕಾಯ್ದೆ ಪ್ರಕಾರ ಆಸ್ತಿ ತೆರಿಗೆ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಇದೆ. ನಾವೂ ಕಟ್ತೀವಿ. 2019ರಲ್ಲಿ ಗ್ರಾಮ ಪಂಚಾಯಿತಿ ಲೈಬ್ರರಿಗಳು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಅರಿವು ಕೇಂದ್ರ ಅಂತ ಬೋರ್ಡ್ ಇದೆ. ಹೋಗಿ ನೋಡಿ. ರಿಜಿಸ್ಟರಿನಲ್ಲಿ ಕೇರಿ ಮಕ್ಕಳ ಹೆಸರು ಎಷ್ಟಿದೆ ಎಣಿಸಿ. ಅಂಬೇಡ್ಕರ್ ಸಂಪುಟ ಬೀಗ ಹಾಕಿದ ಬೀರುವಿನಲ್ಲಿದ್ರೆ ಬೀಗ ತೆಗೆಸಿ. ಪಕ್ಕದಲ್ಲೇ ನಾಲ್ಕು ಪತ್ತೇದಾರಿ ಇಡಿಸಿ. ನಮ್ಮ ಮಕ್ಕಳು ಪರೀಕ್ಷೆಗೆ ಮಾತ್ರ ಓದಬೇಕು, ಹೋರಾಟಕ್ಕೆ ಮಾತ್ರ ಓದಬೇಕು ಅನ್ನೋದು ಯಾವ ನ್ಯಾಯ? ಖುಷಿಗೆ ಓದೋದೂ ಹಕ್ಕೇ.

ಇನ್ನೊಂದು ಕೆಲಸ. ನಿಮ್ಮ ಮನೆ ಹಿರಿಯರನ್ನ ಈ ವಾರವೇ ಕೇಳಿ: ಮೊದಲು ಓದಿದ್ದು ಏನು, ಯಾರು ಕೊಟ್ಟರು, ಓದಿ ಯಾರಿಗೆ ಕೊಟ್ಟರು. ಊರು, ಅಂದಾಜು ಇಸವಿ ಸಮೇತ ಬರೆದಿಡಿ. ಅವರು ನಾಚಿಕೊಂಡರೆ, ನಾಚಿಕೋಬೇಡಿ ಅನ್ನಿ. ಈ ಚರಿತ್ರೆಯ ಕೊನೇ ಹಾಳೆ ಇನ್ನೂ ಅವರ ಹತ್ರಾನೇ ಇದೆ.

ಜೈ ಭೀಮ್.