ಇಂದ್ರಜಿತುವೂ ಅಭಿಮನ್ಯುವೂ: ನಮ್ಮ ಯುದ್ಧವಿಮಾನಗಳ ಕಥೆ



ಇತ್ತೀಚೆಗೆ ಬೈಂದೂರಿನಲ್ಲಿ ನಡೆದ ಮದುವೆಯೊಂದರಲ್ಲಿ, ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತಿದ್ದ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದ. 2024ರ ಡಿಸೆಂಬರ್ 26ರಂದು ಚೀನಾದ ಚೆಂಗ್ಡು ನಗರದ ಮೇಲೆ ಕಾಣಿಸಿಕೊಂಡ ಹೊಸ ಯುದ್ಧವಿಮಾನದ ಚಿತ್ರವದು. ಅದಕ್ಕೆ ಬಾಲವೇ ಇರಲಿಲ್ಲ. "ಸರ್, ಬಾಲವಿಲ್ಲದೆ ಇದು ತಿರುಗುವುದು ಹೇಗೆ? ನಮ್ಮವರು ಇಂಥದ್ದನ್ನು ಏಕೆ ಮಾಡಿಲ್ಲ?" ಎಂದು ಕೇಳಿದ. ಪಾಯಸ ಬರುವಷ್ಟರಲ್ಲಿ ಉತ್ತರಿಸಿ ಮುಗಿಸುವ ಪ್ರಶ್ನೆ ಅದಾಗಿರಲಿಲ್ಲ. ಮೇಲಾಗಿ ಅದು ನನ್ನದೇ ಹಳೆಯ ತಪ್ಪೊಂದನ್ನು ನೆನಪಿಗೆ ತಂದಿತು. ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಯಕ್ಷಗಾನ ನೋಡಿ ಬೆಳೆದ ನಮ್ಮ ಕುಂದಾಪುರದ ಕಡೆಯವರಿಗೆ ವಿಷಯವನ್ನು ತಿಳಿಸುವುದು ಸುಲಭ. ಇಂದ್ರಜಿತು ಮೋಡದ ಮರೆಯಲ್ಲಿ ನಿಂತು ಬಾಣ ಬಿಡುವವನು; ಕಾಣಿಸದಿರುವುದೇ ಅವನ ಬಲ. ಅಭಿಮನ್ಯು ಎಲ್ಲರ ಕಣ್ಣೆದುರೇ ಚಕ್ರವ್ಯೂಹದೊಳಗೆ ಸುತ್ತಿ ಸುಳಿದು ಕಾದುವವನು. ಚುರುಕೇ ಅವನ ಬಲ. ಇವರಿಬ್ಬರನ್ನೂ ಒಂದೇ ವೇಷದಲ್ಲಿ ರಂಗಕ್ಕೆ ತರಬೇಕೆಂಬುದೇ ಇಂದಿನ ವಿಮಾನ ವಿನ್ಯಾಸಕಾರರ ಸಂಕಟ.

ಸಂಕಟವೇಕೆ? ರೇಡಾರ್ ಕಳುಹಿಸಿದ ಅಲೆ ವಿಮಾನಕ್ಕೆ ಬಡಿದು ಹಿಂದಿರುಗಿದಾಗ ವಿಮಾನ 'ಕಾಣಿಸುತ್ತದೆ'. ಹಿಂದಿರುಗುವ ಅಲೆಯ ಬಲವು ದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಆದುದರಿಂದ ವಿಮಾನದ ಪ್ರತಿಫಲನವನ್ನು 16 ಪಟ್ಟು ತಗ್ಗಿಸಿದರೂ ಅದು ಗೋಚರಿಸುವ ದೂರ ಅರ್ಧವಾಗುತ್ತದೆ, ಅಷ್ಟೆ. ಈ ಲೆಕ್ಕ ಬಹಳ ಕಠಿಣ. ಅದನ್ನು ಗೆಲ್ಲಲು ಅಂಚುಗಳನ್ನೆಲ್ಲ ಒಂದೇ ದಿಕ್ಕಿಗೆ ಹೊಂದಿಸಬೇಕು, ಬಾಲವನ್ನು ಓರೆಯಾಗಿಸಬೇಕು ಇಲ್ಲವೆ ತೆಗೆದೇ ಹಾಕಬೇಕು, ಕ್ಷಿಪಣಿಗಳನ್ನು ಹೊಟ್ಟೆಯೊಳಗೆ ಅಡಗಿಸಬೇಕು. ಹೊಟ್ಟೆ ದೊಡ್ಡದಾದರೆ ತೂಕ ಹೆಚ್ಚುತ್ತದೆ. ಇತ್ತ ಚುರುಕಿಗೆ ಬೇಕಾದದ್ದು ಹಗುರವಾದ ಮೈ ಮತ್ತು ಅತ್ತಿತ್ತ ಹೊರಳುವ ದೊಡ್ಡ ಪಟಗಳು. ಅಂಥ ಪ್ರತಿಯೊಂದು ಪಟವೂ ರೇಡಾರಿಗೆ ಒಂದು ಕನ್ನಡಿ.

1991ರಲ್ಲಿ ಅಮೆರಿಕದ ವಾಯುಪಡೆಯ ಮುಂದೆ ಎರಡು ಮಾದರಿಗಳಿದ್ದವು. ವೈ.ಎಫ್.-23 ಹೆಚ್ಚು ಮರೆಯದು, ವೈ.ಎಫ್.-22 ಹೆಚ್ಚು ಚುರುಕಿನದು. ಆಯ್ಕೆಯಾದದ್ದು ಎರಡನೆಯದು. 2011ರ ಜನವರಿ 11ರಂದು ಮೊದಲ ಬಾರಿಗೆ ಹಾರಿದ ಚೀನಾದ ಜೆ-20 ವಿಮಾನಕ್ಕೆ ರೆಕ್ಕೆಯ ಮುಂದೆ ಎರಡು ಕಿರುರೆಕ್ಕೆಗಳಿವೆ. ಅವು ಮೂತಿಯನ್ನು ಥಟ್ಟನೆ ಮೇಲೆತ್ತಲು ನೆರವಾಗುತ್ತವೆ. ಆದರೆ ಹೊರಳಿದಾಗಲೆಲ್ಲ ಮರೆ ಸ್ವಲ್ಪ ಕೆಡುತ್ತದೆ. ಅಲ್ಲಿಯವರು ತಿಳಿದೇ ಆ ಬೆಲೆ ತೆತ್ತರು. 2024ರ ಹೊಸ ವಿಮಾನದಲ್ಲಿ ಚೌಕಾಸಿ ತಿರುಗುಮುರುಗಾಗಿದೆ: ಬಾಲವನ್ನೇ ಕಳಚಿ ಮರೆಯನ್ನು ಕೊಂಡಿದ್ದಾರೆ, ಚುರುಕಿನಲ್ಲಿ ಕಳೆದುದನ್ನು ರೆಕ್ಕೆಯಂಚಿನ ಪಟಗಳಿಂದಲೂ ಗಣಕದಿಂದಲೂ ತುಂಬಿಕೊಳ್ಳಬೇಕಾಗಿದೆ.

ಇನ್ನು ನಮ್ಮವರ ಕಥೆ. ಇದು ಬೆಂಗಳೂರಿನದೇ. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರಕಾರದ ನೆರವಿನಿಂದ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ 1956ರಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಬಂದರು. ಅವರ ಮುಂದಾಳುತನದಲ್ಲಿ ರೂಪುಗೊಂಡ 'ಮಾರುತ್' 1961ರ ಜೂನ್ 17ರಂದು ಹಾರಿತು. ಮೈಕಟ್ಟು ಸೊಗಸಾದುದು, ಶಬ್ದದ ಎರಡು ಪಟ್ಟು ವೇಗವನ್ನು ಉದ್ದೇಶಿಸಿ ರೂಪಿಸಿದುದು. ಆದರೆ ಬಯಸಿದ ಶಕ್ತಿಯ ಎಂಜಿನ್ ದೊರೆಯಲಿಲ್ಲ. ಮೊದಲ ಹಾರಾಟ ನಡೆಸಿದ ಸುರಂಜನ್ ದಾಸ್ ಅವರು, ಎಂಜಿನ್ನಿನ ಶಕ್ತಿ ಹೆಚ್ಚಿಸಿದ ಮಾದರಿಯೊಂದರ ಪರೀಕ್ಷೆಯಲ್ಲಿ 1970ರ ಜನವರಿಯಲ್ಲಿ ಪ್ರಾಣ ತೆತ್ತರು. ಬೆಂಗಳೂರಿನಲ್ಲಿರುವ ನಮ್ಮ ಬಂಧುಗಳು ದಿನವೂ ಓಡಾಡುವ ಸುರಂಜನ್ ದಾಸ್ ರಸ್ತೆ ಅವರ ಹೆಸರಿನದು. 1971ರ ಯುದ್ಧದಲ್ಲಿ ರಾಜಸ್ಥಾನದ ಕಡೆ ಮಾರುತ್ ಸೇವೆ ಸಲ್ಲಿಸಿತೆಂಬುದೂ ನಿಜ. ಆದರೆ ಅದು ಕಲಿಸಿದ ಪಾಠವಿಷ್ಟು: ವಿನ್ಯಾಸದ ಚೌಕಾಸಿಗೆ ಬೇಕಾದ ಬಂಡವಾಳ ಎಂಜಿನ್. ಅದಿಲ್ಲದವನು ಎರಡನ್ನೂ ಕೊಳ್ಳಲಾರ.

ಈಗ ನನ್ನ ತಪ್ಪಿನ ವಿಷಯ. 1986ರಲ್ಲಿ ನಾನು ಬ್ರಹ್ಮಾವರದ ಸಮೀಪ ಹತ್ತನೆಯ ತರಗತಿಗೆ ವಿಜ್ಞಾನ ಕಲಿಸುತ್ತಿದ್ದೆ. ಕಿರುಪರೀಕ್ಷೆಯಲ್ಲಿ ವಿಮಾನದ ಸ್ಥಿರತೆಯ ಬಗ್ಗೆ ಪ್ರಶ್ನೆ ಕೇಳಿದ್ದೆ. ಹುಡುಗನೊಬ್ಬ "ಸ್ಥಿರತೆ ಕಡಿಮೆಯಾದಷ್ಟೂ ಯುದ್ಧವಿಮಾನ ಬೇಗ ತಿರುಗುತ್ತದೆ, ಆದುದರಿಂದ ಅಸ್ಥಿರತೆಯೂ ಒಳ್ಳೆಯದೇ" ಎಂದು ಬರೆದ. ನಾನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಸೊನ್ನೆ ಕೊಟ್ಟೆ. ಮರುದಿನ ಅವನು ಯಾವುದೋ ಪತ್ರಿಕೆಯ ಹಾಳೆಯನ್ನು ಹಿಡಿದು ಬಂದ. ನಾನು ಅದನ್ನು ಓದಲೂ ಇಲ್ಲ. "ಪಠ್ಯಪುಸ್ತಕ ನೋಡು" ಎಂದು ಗದರಿ ಕಳುಹಿಸಿದೆ.

ಆ ಹೊತ್ತಿಗೆ ಬೆಂಗಳೂರಿನಲ್ಲಿ ಅವನ ಉತ್ತರವನ್ನೇ ವಿಮಾನವಾಗಿಸುವ ಕೆಲಸ ನಡೆದಿತ್ತು. 1984ರಲ್ಲಿ ಸ್ಥಾಪನೆಯಾದ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿಯು ರೂಪಿಸಿದ ಲಘು ಯುದ್ಧವಿಮಾನವನ್ನು ಬೇಕೆಂದೇ ಅಸ್ಥಿರವಾಗಿ ಕಟ್ಟಲಾಯಿತು. ಅದಕ್ಕೆ ಅಡ್ಡಬಾಲವಿಲ್ಲ. ಗಣಕವು ಕ್ಷಣಕ್ಷಣಕ್ಕೂ ತಿದ್ದದಿದ್ದರೆ ಅದು ನೆಟ್ಟಗೆ ಹಾರಲಾರದು. ಗಂಗೊಳ್ಳಿಯ ಅಳಿವೆಯಲ್ಲಿ ಸಪುರ ದೋಣಿಯಲ್ಲಿ ನಿಂತು ಹುಟ್ಟು ಹಾಕುವವನನ್ನು ನೋಡಿದ್ದೀರಲ್ಲ! ದೋಣಿ ತೊನೆಯುತ್ತಲೇ ಇರುತ್ತದೆ, ಅವನ ಪಾದ ತಿದ್ದುತ್ತಲೇ ಇರುತ್ತದೆ. ಅಂಥ ದೋಣಿ ಬೇಗ ತಿರುಗುತ್ತದೆ. 2001ರ ಜನವರಿ 4ರಂದು ಅದು ಹಾರಿದ ಸುದ್ದಿಯನ್ನು ಓದಿದಾಗ ಆ ಹುಡುಗನ ಮುಖ ಕಣ್ಣಮುಂದೆ ಬಂದಿತು. 2003ರಲ್ಲಿ ಅದಕ್ಕೆ 'ತೇಜಸ್' ಎಂಬ ಹೆಸರಾಯಿತು. 2016ರಲ್ಲಿ ವಾಯುಪಡೆಯನ್ನು ಸೇರಿತು. ಇಂಗಾಲದ ನಾರಿನ ಮೈ, ಎಂಜಿನ್ನಿನ ಮುಖವನ್ನು ಮರೆಸುವ ಬಾಗಿದ ಗಾಳಿಕೊಳವೆ, ಚಿಕ್ಕ ಗಾತ್ರ ಇವುಗಳಿಂದ ಸ್ವಲ್ಪ ಮರೆಯೂ ಒದಗಿತು. ಆದರೆ ಆಯುಧಗಳೆಲ್ಲ ರೆಕ್ಕೆಯಡಿ ತೂಗುವುದರಿಂದ ಇದು ಇಂದ್ರಜಿತುವಲ್ಲ, ಅಭಿಮನ್ಯುವೇ. ಎಂಜಿನ್ ಇನ್ನೂ ಅಮೆರಿಕದ್ದು. ನಮ್ಮ 'ಕಾವೇರಿ' ತೇಜಸ್‌ಗೆ ಸಾಲದೆ ಹೋಯಿತು.

ಮುಂದಿನ ವೇಷವೇ ಆಮ್ಕಾ. 2024ರ ಮಾರ್ಚಿನಲ್ಲಿ ಕೇಂದ್ರ ಸಂಪುಟದ ಭದ್ರತಾ ಸಮಿತಿ ಇದಕ್ಕೆ ಸುಮಾರು 15,000 ಕೋಟಿ ರೂಪಾಯಿಗಳ ಮಂಜೂರಾತಿ ನೀಡಿತು. ಎರಡು ಎಂಜಿನ್, ಓರೆಯಾದ ಬಾಲಗಳು, ಆಯುಧಗಳು ಹೊಟ್ಟೆಯೊಳಗೆ. ಮರೆಗೆ ತೆತ್ತ ಬೆಲೆ ತೂಕದಲ್ಲಿ ಕಾಣುತ್ತದೆ: ತೇಜಸ್ ಗರಿಷ್ಠ 13.5 ಟನ್ನಿನದಾದರೆ ಇದು ಸುಮಾರು 25 ಟನ್ನಿನದು. ಆದರೂ ಬಾಲವನ್ನು ಪೂರ್ತಿ ಕಳಚುವ ಸಾಹಸಕ್ಕೆ ನಮ್ಮವರು ಕೈಹಾಕಿಲ್ಲ. ಅದನ್ನು ಅಂಜಿಕೆಯೆಂದು ನಾನು ತಿಳಿಯುವುದಿಲ್ಲ. ಕೈಯಲ್ಲಿರುವ ಎಂಜಿನ್, ಕಲಿತಿರುವ ವಿದ್ಯೆ ಇವನ್ನು ಅಳೆದು ಮಾಡಿದ ಚೌಕಾಸಿ ಅದು. ನಿಕುಂಭಿಳೆಯ ಗುಟ್ಟನ್ನು ವಿಭೀಷಣ ಹೇಳಿದ ದಿನ ಇಂದ್ರಜಿತುವೂ ಎದುರಾಎದುರು ಕಾದಬೇಕಾಯಿತಲ್ಲವೇ? ಮರೆ ಹರಿದ ಮೇಲೆ ಉಳಿಸುವುದು ಚುರುಕೇ.

ಬೈಂದೂರಿನ ಶಿಷ್ಯನಿಗೆ ಇದು ನನ್ನ ಉತ್ತರ. 1986ರ ಶಿಷ್ಯನಿಗೆ ಹೇಳಬೇಕಾದುದು ಬೇರೆ. ಅವನೀಗ ಎಲ್ಲಿರುವನೋ ನಾನರಿಯೆ. ಈ ಪುಟ ಅವನ ಕಣ್ಣಿಗೆ ಬಿದ್ದರೆ, ನಿನ್ನ ಉತ್ತರ ಸರಿಯಾಗಿತ್ತು ಮಗು. ನೀನು ತಂದ ಹಾಳೆಯನ್ನು ನಾನು ಅಂದೇ ಓದಬೇಕಾಗಿತ್ತು.